ನಿಮ್ಮ ವಾರ್ಡಿನಲ್ಲಿ ಎಷ್ಟು ಜನರಿಗೆ ಮಾನಸಿಕ ಕಾಯಿಲೆ ಇದೆ? ಲೆಕ್ಕ ಹಾಕುವ ಸಮಗ್ರ ಮಾರ್ಗದರ್ಶಿ

ಬೆಂಗಳೂರಿನಲ್ಲಿ ನೂರಕ್ಕೆ ಎಷ್ಟು ಜನರಿಗೆ ಮಾನಸಿಕ ಕಾಯಿಲೆ ಇದೆ ಅಂತ ಕೇಳಿ ನೋಡಿ. ಥಟ್ಟನೆ ಒಂದು ಸಂಖ್ಯೆ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ಅದು ಎಲ್ಲಿಂದ ಬಂತು ಅಂತ ಮತ್ತೊಂದು ಪ್ರಶ್ನೆ ಹಾಕಿದರೆ ಮಾತು ನಿಲ್ಲುತ್ತದೆ.

ಸಾಮಾನ್ಯವಾಗಿ ಕೇಳಿಬರುವ ಸಂಖ್ಯೆಗಳು ಬರುವುದು ನಮ್ಮ ನಿಮ್ಹಾನ್ಸ್ 2015–16ರಲ್ಲಿ ಮಾಡಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಿಂದ. 12 ರಾಜ್ಯಗಳಲ್ಲಿ 34,802 ವಯಸ್ಕರನ್ನು ಮಾತಾಡಿಸಿ, ಆ ಹೊತ್ತಿಗೆ ಕಾಯಿಲೆ ಇದ್ದವರು ನೂರಕ್ಕೆ 10.6, ಜೀವನದಲ್ಲಿ ಎಂದಾದರೂ ಕಾಯಿಲೆ ಬಂದವರು ನೂರಕ್ಕೆ 13.7 ಎಂದು ಅದು ಹೇಳಿತು. ದೊಡ್ಡ ನಗರಗಳಲ್ಲಿ 10.6ರ ಜಾಗದಲ್ಲಿ 14.7 ಬಂತು. ಈ 14.7ನ್ನು ಎತ್ತಿ ಬೆಂಗಳೂರಿಗೆ ಅಂಟಿಸುವವರು ಜಾಸ್ತಿ. ಆದರೆ ಆ 12 ರಾಜ್ಯಗಳ ಪಟ್ಟಿಯಲ್ಲಿ ಕರ್ನಾಟಕ ಇರಲೇ ಇಲ್ಲ. ಸಮೀಕ್ಷೆಯ ಯೋಜನೆ ತಯಾರಾದದ್ದು ಇಲ್ಲೇ ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ, ಪ್ರಾಯೋಗಿಕ ಹಂತ ನಡೆದದ್ದು ಪಕ್ಕದ ಕೋಲಾರದಲ್ಲಿ. ಮುಖ್ಯ ಸಮೀಕ್ಷೆ ಮಾತ್ರ ಬೇರೆ ರಾಜ್ಯಗಳಲ್ಲಿ ಆಯಿತು.

ಹಾಗಾದರೆ ನಮ್ಮ ಏರಿಯಾದ ಲೆಕ್ಕ ಬೇಕು ಅಂದರೆ ಏನು ಮಾಡಬೇಕು? ಸಮಾಜಕಾರ್ಯ ಅಥವಾ ಸಮುದಾಯ ಆರೋಗ್ಯ ಓದುತ್ತಿರುವವರು, ವಾರ್ಡ್ ಮಟ್ಟದಲ್ಲಿ ಕೆಲಸ ಮಾಡುವ ಸಂಸ್ಥೆಯವರು ಇದನ್ನು ಖಂಡಿತ ಮಾಡಬಹುದು. ಜೊತೆಗೆ ಒಬ್ಬ ಮನೋವೈದ್ಯರು, ಒಬ್ಬ ಸಂಖ್ಯಾಶಾಸ್ತ್ರದವರು ಇರಲೇಬೇಕು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಇಂಥ ಲೆಕ್ಕ ಕೆಡುವುದು ಸೂತ್ರದಲ್ಲಿ ಅಲ್ಲ. ಮಾತಿಗೆ ಸಿಗದೆ ಹೋದ ಜನರಿಂದ ಕೆಡುತ್ತದೆ. ಹಾಗಾಗಿ ಹಣ, ಸಮಯ, ಶ್ರಮ ಎಲ್ಲ ಅಲ್ಲಿಗೇ ಹೆಚ್ಚು ಹೋಗಬೇಕು.

ಹೆಜ್ಜೆ 1: ಏನನ್ನು ಎಣಿಸುತ್ತೀರಿ ಎಂದು ಬರೆದಿಡಿ

"ಮಾನಸಿಕ ಕಾಯಿಲೆ" ಅಂತ ಒಂದೇ ಮಾತಿನಲ್ಲಿ ಹೇಳಿದರೆ ಸಾಲದು. ಖಿನ್ನತೆ, ಆತಂಕ, ಸ್ಕಿಜೋಫ್ರೇನಿಯಾ, ಬೈಪೋಲಾರ್, ಕುಡಿತದ ಚಟ, ಇವುಗಳಲ್ಲಿ ಯಾವುದು ಒಳಗೆ, ಯಾವುದು ಹೊರಗೆ? ನಿಮ್ಹಾನ್ಸ್‌ನ 10.6ರಲ್ಲಿ ತಂಬಾಕಿನ ಚಟ ಸೇರಿಲ್ಲ. ಅದನ್ನೇ ಬೇರೆಯಾಗಿ ನೋಡಿದರೆ ನೂರಕ್ಕೆ 20ಕ್ಕೂ ಜಾಸ್ತಿ. ಅದನ್ನು ಒಳಗೆ ತಂದಿದ್ದರೆ ಒಟ್ಟು ಸಂಖ್ಯೆಯ ಚಿತ್ರವೇ ಬೇರೆಯಾಗುತ್ತಿತ್ತು.

ಇನ್ನೊಂದು ಉದಾಹರಣೆ ನೋಡಿ. ಜಾಗತಿಕ ಕಾಯಿಲೆ ಹೊರೆಯ ಅಧ್ಯಯನದ ಪ್ರಕಾರ 2017ರಲ್ಲಿ ಭಾರತದಲ್ಲಿ 19.73 ಕೋಟಿ ಜನರಿಗೆ, ಅಂದರೆ ಏಳರಲ್ಲಿ ಒಬ್ಬರಿಗೆ ಮಾನಸಿಕ ಕಾಯಿಲೆ ಇತ್ತು. ನಿಮ್ಹಾನ್ಸ್ ಸಮೀಕ್ಷೆ ಚಿಕಿತ್ಸೆ ಬೇಕಾದವರು ಸುಮಾರು 15 ಕೋಟಿ ಎಂದಿತ್ತು. ಎರಡರಲ್ಲಿ ಒಂದು ಸುಳ್ಳಾ? ಅಲ್ಲ. ಮೊದಲನೆಯದರಲ್ಲಿ ಮಕ್ಕಳೂ ಇದ್ದಾರೆ. ಬುದ್ಧಿಮಾಂದ್ಯ, ಆಟಿಸಂ ಸೇರಿವೆ, ಕುಡಿತದ ಚಟ ಸೇರಿಲ್ಲ. ಅದು ಬೇರೆ ಬೇರೆ ಮಾಹಿತಿಯನ್ನು ಕೂಡಿಸಿ ಗಣಿತದ ಮಾದರಿಯ ಮೂಲಕ ಹಾಕಿದ ಅಂದಾಜು. ಎರಡನೆಯದು ಮನೆಮನೆಗೆ ಹೋಗಿ ಕೇಳಿದ್ದು.

ಕಾಲಾವಧಿಯನ್ನೂ ಗಟ್ಟಿ ಮಾಡಿಕೊಳ್ಳಿ. ಈಗ ಇದೆಯಾ, ಕಳೆದ 12 ತಿಂಗಳಲ್ಲಿ ಇತ್ತಾ, ಜೀವನದಲ್ಲಿ ಎಂದಾದರೂ ಬಂದಿತ್ತಾ? ಮೂರಕ್ಕೂ ಮೂರು ಬೇರೆ ಉತ್ತರ ಬರುತ್ತವೆ. ಸಣ್ಣ ಸಮೀಕ್ಷೆಗೆ ನಾನು ಸೂಚಿಸುವುದು "ಈಗ" ಮಾತ್ರ. ಇಪ್ಪತ್ತು ವರ್ಷದ ಹಿಂದಿನ ಬೇಸರವನ್ನು ಇವತ್ತು ಸರಿಯಾಗಿ ನೆನಪು ಮಾಡಿಕೊಳ್ಳುವುದು ಯಾರಿಗೂ ಸುಲಭವಲ್ಲ. ವಾರ್ಡಿಗೆ ಎಷ್ಟು ಸೇವೆ ಬೇಕು ಎಂದು ತಿಳಿಯಲು ಈಗಿನ ಸಂಖ್ಯೆಯೇ ಸಾಕು.

ಹೆಜ್ಜೆ 2: "ಎಲ್ಲರೂ" ಅಂದರೆ ಯಾರು?

ಆಸ್ಪತ್ರೆಯ ಓಪಿಡಿ ಪುಸ್ತಕದಿಂದ ಈ ಲೆಕ್ಕ ಹುಟ್ಟುವುದಿಲ್ಲ. ನಿಮ್ಹಾನ್ಸ್ ಸಮೀಕ್ಷೆಯಲ್ಲೇ, ಕಾಯಿಲೆ ಇದ್ದೂ ಚಿಕಿತ್ಸೆ ಸಿಗದವರು ಕಾಯಿಲೆಯನ್ನು ಅವಲಂಬಿಸಿ ನೂರಕ್ಕೆ 70ರಿಂದ 92ರವರೆಗೆ ಇದ್ದರು. ಓಪಿಡಿಗೆ ಬಂದವರು ಉಳಿದ ಆ ಸಣ್ಣ ಭಾಗ. ಅಷ್ಟೇ ಅಲ್ಲ, ದೊಡ್ಡಾಸ್ಪತ್ರೆಗೆ ಬರುವವರಲ್ಲಿ ಬೇರೆ ಜಿಲ್ಲೆ, ಬೇರೆ ರಾಜ್ಯದವರೇ ಎಷ್ಟೋ ಜನ. ಅವರು ನಿಮ್ಮ ವಾರ್ಡಿನವರಲ್ಲ. ಫೇಸ್‌ಬುಕ್ಕಿನಲ್ಲಿ ಗೂಗಲ್ ಫಾರ್ಮ್ ಹಂಚಿ ಬಂದ ಉತ್ತರಗಳೂ ಹಾಗೆಯೇ. ವಿಷಯದ ಬಗ್ಗೆ ಆಸಕ್ತಿ ಇದ್ದವರು ತುಂಬುತ್ತಾರೆ, ಇಲ್ಲದವರು ಮುಂದೆ ಹೋಗುತ್ತಾರೆ. ಅಲ್ಲಿ ಬಂದ ಶೇಕಡಾವಾರು ಯಾರ ಶೇಕಡಾವಾರು ಅಂತ ಹೇಳಲು ಬರುವುದಿಲ್ಲ.

ಹಾಗಾಗಿ ಭಾಗಿಸುವ ಸಂಖ್ಯೆಯನ್ನು ಮೊದಲು ತೀರ್ಮಾನ ಮಾಡಿ. ಉದಾಹರಣೆಗೆ, "ಈ ವಾರ್ಡಿನಲ್ಲಿ ಆರು ತಿಂಗಳಿಂದ ಇರುವ, 18 ದಾಟಿದ ಎಲ್ಲರೂ." ಈಗ ಕಷ್ಟ ಶುರುವಾಗುತ್ತದೆ. ಪಿಜಿಯಲ್ಲಿರುವ ಹುಡುಗ ಹುಡುಗಿಯರು ಒಳಗೋ ಹೊರಗೋ? ಕಟ್ಟಡದ ಕೆಲಸಕ್ಕೆ ಬಂದು ತಗಡಿನ ಶೆಡ್ಡಿನಲ್ಲಿ ಇರುವವರು? ಮೆಟ್ರೋ ಕಂಬದ ಕೆಳಗೆ ಮಲಗುವವರು? ಬರೀ ಮನೆಗಳ ಪಟ್ಟಿ ಇಟ್ಟುಕೊಂಡು ಹೊರಟರೆ ಈ ಮೂರೂ ಗುಂಪು ಕೈತಪ್ಪುತ್ತವೆ. ಬೆಂಗಳೂರಿನಲ್ಲಿ ಇದು ಸಣ್ಣ ಸಂಖ್ಯೆಯಲ್ಲ. ಪಿಜಿ ಮತ್ತು ಶೆಡ್ಡುಗಳನ್ನು ಬೇರೆ ಪಟ್ಟಿ ಮಾಡಿ ಸೇರಿಸಿಕೊಳ್ಳಿ. ಬೀದಿಯಲ್ಲಿ ಬದುಕುವವರಿಗೆ ಈ ವಿಧಾನ ಹೊಂದುವುದಿಲ್ಲ. ಅವರನ್ನು ಬಿಟ್ಟಿದ್ದೀರಿ ಎಂದು ವರದಿಯ ಮೊದಲ ಪುಟದಲ್ಲೇ ಬರೆಯಿರಿ.

ಹೆಜ್ಜೆ 3: ಎಷ್ಟು ಜನರನ್ನು ಮಾತಾಡಿಸಬೇಕು?

ಅಂದಾಜು ನೂರಕ್ಕೆ 10 ಇರಬಹುದು ಅಂತ ಇಟ್ಟುಕೊಳ್ಳೋಣ. ಉತ್ತರ ಆಕಡೆ ಈಕಡೆ 2.5ರಷ್ಟು ಹೆಚ್ಚುಕಮ್ಮಿ ಆದರೆ ಪರವಾಗಿಲ್ಲ. ಸೂತ್ರ ಹೀಗಿದೆ (ಇದರಲ್ಲಿ 1.96 ಎಂಬುದು ನೂರಕ್ಕೆ 95ರಷ್ಟು ಭರವಸೆಗೆ ಬಳಸುವ ಸಂಖ್ಯೆ): 1.96ರ ವರ್ಗ × 0.10 × 0.90, ಅದನ್ನು 0.025ರ ವರ್ಗದಿಂದ ಭಾಗಿಸಿ. ಸುಮಾರು 553 ಬರುತ್ತದೆ.

ಇಷ್ಟಕ್ಕೇ ನಿಲ್ಲಿಸಬೇಡಿ. ಅನ್ನ ಬೆಂದಿದೆಯಾ ಅಂತ ಒಂದು ಅಗುಳು ಹಿಸುಕಿ ನೋಡಿದರೆ ಸಾಕು, ಯಾಕೆಂದರೆ ಇಡೀ ಪಾತ್ರೆಗೆ ಒಂದೇ ಬಿಸಿ. ವಾರ್ಡು ಹಾಗಲ್ಲ. ಒಂದು ಬೀದಿಯ ಜನ ಒಬ್ಬರನ್ನೊಬ್ಬರು ಹೋಲುತ್ತಾರೆ, ಪಕ್ಕದ ಬೀದಿ ಪೂರ್ತಿ ಬೇರೆ. ನೀವು ಬೀದಿಗಳ ಗುಂಪು ಆರಿಸಿ ಹೋಗುವುದರಿಂದ, ಮಾತಾಡಿಸಿದ ಪ್ರತಿಯೊಬ್ಬರಿಂದ ಸಿಗುವ ಹೊಸ ಮಾಹಿತಿ ಕಡಿಮೆಯಾಗುತ್ತದೆ. ಅದಕ್ಕೆ ಸ್ಯಾಂಪಲ್ಲನ್ನು ಸಾಮಾನ್ಯವಾಗಿ ದುಪ್ಪಟ್ಟು ಮಾಡುತ್ತಾರೆ: 1,107. ನೂರರಲ್ಲಿ 20 ಜನ ಸಿಗುವುದಿಲ್ಲ ಅಥವಾ ಬೇಡ ಅನ್ನುತ್ತಾರೆ ಎಂದು 0.8ರಿಂದ ಭಾಗಿಸಿದರೆ ಸುಮಾರು 1,384. ಒಟ್ಟು 1,400 ಅಂತ ಇಟ್ಟುಕೊಳ್ಳಿ.

ಇಷ್ಟು ಜನರಿಂದ ಒಟ್ಟು ಪ್ರಮಾಣ ಹೇಳಬಹುದು. ಅಪರೂಪದ ಕಾಯಿಲೆಗಳ ಬಗ್ಗೆ ಏನೂ ಹೇಳಲು ಆಗುವುದಿಲ್ಲ. ಸ್ಕಿಜೋಫ್ರೇನಿಯಾ ಮತ್ತು ಅದೇ ಬಗೆಯ ಕಾಯಿಲೆಗಳು ನಿಮ್ಹಾನ್ಸ್ ಸಮೀಕ್ಷೆಯಲ್ಲಿ ಆ ಹೊತ್ತಿಗೆ ಇದ್ದದ್ದು ನೂರಕ್ಕೆ ಸುಮಾರು 0.4. ಉತ್ತರ ಕೊಡುವ ನಿಮ್ಮ ಸುಮಾರು 1,100 ಜನರಲ್ಲಿ ಅಂಥವರು ನಾಲ್ಕೈದು ಮಂದಿ ಸಿಕ್ಕರೆ ಹೆಚ್ಚು. ಅದರ ಮೇಲೆ ಗಂಡಸು, ಹೆಂಗಸು, ಬಡವ, ಬಲ್ಲಿದ ಅಂತ ಕೋಷ್ಟಕ ಮಾಡಬೇಡಿ.

ಹೆಜ್ಜೆ 4: ಯಾರ ಮನೆಗೆ ಹೋಗಬೇಕು?

ಇಲ್ಲಿ ನಿಮ್ಮ ಇಷ್ಟ, ಅನುಕೂಲ, ಪರಿಚಯ ಯಾವುದೂ ನಡೆಯಬಾರದು. ಚೀಟಿ ಎತ್ತಿದ ಹಾಗೆ ಆಯ್ಕೆ ಆಗಬೇಕು, ಮತ್ತು ಪ್ರತಿ ಮನೆಗೂ ಎಷ್ಟು ಅವಕಾಶ ಇತ್ತು ಅನ್ನುವುದು ನಿಮಗೆ ಗೊತ್ತಿರಬೇಕು.

ಮೊದಲು ವಾರ್ಡನ್ನು ಸಣ್ಣ ಸಣ್ಣ ಬ್ಲಾಕುಗಳಾಗಿ ಒಡೆಯಿರಿ. ಜನಗಣತಿಯವರು ನೂರು, ನೂರೈವತ್ತು ಮನೆಗಳ ಬ್ಲಾಕು ಮಾಡಿರುತ್ತಾರೆ. ಅದು ಸಿಕ್ಕರೆ ಒಳ್ಳೆಯದು. ಆದರೆ ಎಚ್ಚರ. 2021ರಲ್ಲಿ ಆಗಬೇಕಿದ್ದ ಜನಗಣತಿ ಆಗಲಿಲ್ಲ, 2011ರ ಪಟ್ಟಿ ತೀರ ಹಳೆಯದು. ವಾರ್ಡುಗಳ ಗಡಿಯೂ ಬದಲಾಗಿದೆ. 2025ರಲ್ಲಿ ಬಿಬಿಎಂಪಿಯ ಜಾಗಕ್ಕೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಐದು ನಗರ ಪಾಲಿಕೆಗಳು ಬಂದವು. ಹಳೆಯ ವಾರ್ಡಿನ ಜನಸಂಖ್ಯೆಯನ್ನು ಹೊಸ ವಾರ್ಡಿಗೆ ಹಚ್ಚಬೇಡಿ. ಮತದಾರರ ಪಟ್ಟಿಯನ್ನೂ ನಂಬಿ ಕೂರಬೇಡಿ. ಬಾಡಿಗೆಗೆ ಬಂದವರ ಓಟು ಎಷ್ಟೋ ಸಲ ಊರಿನಲ್ಲೇ ಇರುತ್ತದೆ.

ಬ್ಲಾಕು ಆರಿಸುವ ಕ್ರಮವನ್ನು ಒಂದು ಉದಾಹರಣೆಯಲ್ಲಿ ನೋಡೋಣ. ವಾರ್ಡಿನಲ್ಲಿ 10,000 ಮನೆ, ನಿಮಗೆ 40 ಬ್ಲಾಕು ಬೇಕು. ಬ್ಲಾಕುಗಳನ್ನು ಒಂದರ ಕೆಳಗೆ ಒಂದು ಬರೆದು, ಪಕ್ಕದಲ್ಲಿ ಮನೆಗಳ ಸಂಖ್ಯೆಯನ್ನು ಕೂಡಿಸುತ್ತಾ ಹೋಗಿ. ಮೊದಲ ಬ್ಲಾಕು 120, ಎರಡನೆಯದು ಸೇರಿ 210, ಮೂರನೆಯದು ಸೇರಿ 400, ಹೀಗೆ. 10,000ವನ್ನು 40ರಿಂದ ಭಾಗಿಸಿದರೆ 250. ಒಂದರಿಂದ 250ರ ಒಳಗೆ ಒಂದು ಸಂಖ್ಯೆ ಎತ್ತಿ. 137 ಬಂತು ಅನ್ನಿ. 137ನೆಯ ಮನೆ ಎರಡನೆಯ ಬ್ಲಾಕಿನಲ್ಲಿದೆ, ಆ ಬ್ಲಾಕು ಆಯ್ಕೆಯಾಯಿತು. ಆಮೇಲೆ 387, ಅದು ಮೂರನೆಯದರಲ್ಲಿದೆ. ಆಮೇಲೆ 637. ದೊಡ್ಡ ಬ್ಲಾಕಿಗೆ ಅವಕಾಶ ಹೆಚ್ಚು, ಸಣ್ಣದಕ್ಕೆ ಕಡಿಮೆ. ಆರಿಸಿದ ಪ್ರತಿ ಬ್ಲಾಕಿನಲ್ಲೂ 35 ಮನೆ ತೆಗೆದುಕೊಂಡರೆ ಅದು ಸರಿದೂಗಿ, ವಾರ್ಡಿನ ಎಲ್ಲ ಮನೆಗೂ ಸಮಾನ ಅವಕಾಶ ಸಿಗುತ್ತದೆ.

35 ಮನೆ ಆರಿಸುವ ಮುಂಚೆ ಬ್ಲಾಕಿನ ಎಲ್ಲ ಮನೆಗಳನ್ನೂ ನಡೆದು ಪಟ್ಟಿ ಮಾಡಿ. ಮಹಡಿ ಮೇಲಿನ ಒಂದು ರೂಮಿನ ಮನೆ, ಗ್ಯಾರೇಜಿನ ಪಕ್ಕದ ವಾಚ್‌ಮನ್ ಕೋಣೆ, ಅಂಗಡಿಯ ಹಿಂದಿನ ಮನೆ, ಎಲ್ಲವೂ ಬರಬೇಕು. ಸರ್ಜಾಪುರ ರಸ್ತೆ ಕಡೆ ಹಳೆಯ ಪಟ್ಟಿಯಲ್ಲಿ 120 ಮನೆ ಇದ್ದ ಬ್ಲಾಕಿನಲ್ಲಿ ಅಪಾರ್ಟ್‌ಮೆಂಟು ಎದ್ದು 300 ಆಗಿದ್ದರೆ ಆಶ್ಚರ್ಯವಿಲ್ಲ. ಆಗ ಆ ಬ್ಲಾಕಿನ ಉತ್ತರಗಳಿಗೆ ಎರಡೂವರೆ ಪಟ್ಟು ತೂಕ ಕೊಡಬೇಕಾಗುತ್ತದೆ, ಅಂದರೆ ಒಂದೊಂದು ಉತ್ತರವನ್ನೂ ಎರಡೂವರೆ ಉತ್ತರದಂತೆ ಎಣಿಸಬೇಕು. ಪಟ್ಟಿ ಮಾಡದಿದ್ದರೆ ಇದು ನಿಮಗೆ ಗೊತ್ತೇ ಆಗುವುದಿಲ್ಲ.

ಮನೆಯೊಳಗೆ ಒಬ್ಬರನ್ನು ಮಾತ್ರ ಆರಿಸಿ. ಸುಲಭದ ದಾರಿ: 18 ದಾಟಿದವರಲ್ಲಿ ಯಾರ ಹುಟ್ಟಿದ ದಿನ ತೀರ ಇತ್ತೀಚೆಗೆ ಬಂದಿತ್ತೋ ಅವರು. ಬಾಗಿಲು ತೆರೆದವರನ್ನೇ ಕೂರಿಸಿ ಕೇಳಿದರೆ ನಿಮ್ಮ ಪಟ್ಟಿಯ ತುಂಬ ಗೃಹಿಣಿಯರು ಮತ್ತು ನಿವೃತ್ತರೇ ಇರುತ್ತಾರೆ.

ಹೆಜ್ಜೆ 5: ಯಾವ ಪ್ರಶ್ನಾವಳಿ?

ಎರಡು ಬಗೆಯವು ಇವೆ. ಒಂದು, ಜರಡಿ ಹಿಡಿಯುವ ಸಣ್ಣ ಪ್ರಶ್ನಾವಳಿ. ಕ್ರೋಂಕೆ, ಸ್ಪಿಟ್ಸರ್, ವಿಲಿಯಮ್ಸ್ 2001ರಲ್ಲಿ ಪ್ರಕಟಿಸಿದ ಪಿಎಚ್‌ಕ್ಯೂ-9 ಇಂಥದ್ದು. ಕಳೆದ ಎರಡು ವಾರದ ಬಗ್ಗೆ ಒಂಬತ್ತು ಪ್ರಶ್ನೆ, 0ರಿಂದ 27 ಅಂಕ, 10 ಅಥವಾ ಹೆಚ್ಚು ಬಂದರೆ ಖಿನ್ನತೆಯ ಸಂಶಯ. ಎರಡು, ಕಾಯಿಲೆಯನ್ನು ಗುರುತಿಸುವ ಪೂರ್ಣ ಸಂದರ್ಶನ. ನಿಮ್ಹಾನ್ಸ್ ಸಮೀಕ್ಷೆ ಬಳಸಿದ್ದು ಮಿನಿ ಎಂಬ ಇಂಥ ಸಂದರ್ಶನವನ್ನು.

ಸಣ್ಣ ಪ್ರಶ್ನಾವಳಿಯಲ್ಲಿ 10 ಅಥವಾ ಹೆಚ್ಚು ಬಂದವರನ್ನೆಲ್ಲ "ಖಿನ್ನತೆ ಇದೆ" ಎಂದು ವರದಿ ಮಾಡುವುದನ್ನು ಎಲ್ಲ ಕಡೆ ನೋಡುತ್ತೇವೆ. ಇದು ಯಾಕೆ ತಪ್ಪು ಅಂತ ಲೆಕ್ಕದಲ್ಲೇ ನೋಡಿ. ಪಿಎಚ್‌ಕ್ಯೂ-9ರ ಮೂಲ ಅಧ್ಯಯನದಲ್ಲಿ, ಕಾಯಿಲೆ ಇದ್ದವರಲ್ಲಿ ನೂರಕ್ಕೆ 88 ಜನರನ್ನು ಅದು ಹಿಡಿಯಿತು. ಇಲ್ಲದವರಲ್ಲಿ 88 ಜನರನ್ನು ಸರಿಯಾಗಿ ಬಿಟ್ಟಿತು. ಬಹಳ ಚೆನ್ನಾಗಿದೆ ಅಲ್ವಾ? ಈಗ 1,000 ಜನರಲ್ಲಿ ನಿಜವಾಗಿ 50 ಮಂದಿಗೆ ಖಿನ್ನತೆ ಇದೆ ಅಂದುಕೊಳ್ಳಿ. ಅವರಲ್ಲಿ 44 ಮಂದಿ ಸಿಕ್ಕಿಬೀಳುತ್ತಾರೆ. ಕಾಯಿಲೆ ಇಲ್ಲದ 950 ಜನರಲ್ಲಿ ನೂರಕ್ಕೆ 12ರಂತೆ 114 ಮಂದಿಯೂ ಸಿಕ್ಕಿಬೀಳುತ್ತಾರೆ. ಒಟ್ಟು 158. ನಿಜ ನೂರಕ್ಕೆ 5, ವರದಿಯಲ್ಲಿ 15.8. ಸಂಶಯ ಬಂದವರಲ್ಲಿ ನಾಲ್ಕರಲ್ಲಿ ಒಬ್ಬರಿಗಷ್ಟೇ, ಸ್ವಲ್ಪ ಹೆಚ್ಚು ಅನ್ನಿ, ಕಾಯಿಲೆ ಇರುತ್ತದೆ.

ಇದಕ್ಕೆ ಪರಿಹಾರ ಎರಡು ಹಂತದ ಸಮೀಕ್ಷೆ. ಮೊದಲು ಎಲ್ಲರಿಗೂ ಸಣ್ಣ ಪ್ರಶ್ನಾವಳಿ. ಆಮೇಲೆ ಸಂಶಯ ಬಂದ ಎಲ್ಲರಿಗೂ, ಮತ್ತು ಸಂಶಯ ಬಾರದವರಲ್ಲಿ ಹತ್ತಕ್ಕೊಬ್ಬರಿಗೆ ಪೂರ್ಣ ಸಂದರ್ಶನ. ಈ ಎರಡನೆಯ ಗುಂಪನ್ನು ಖರ್ಚು ಉಳಿಸಲು ಕೈಬಿಡುತ್ತಾರೆ. ಬಿಡಬೇಡಿ. 1,000ದಲ್ಲಿ 160 ಮಂದಿಗೆ ಸಂಶಯ ಬಂತು, ಅವರಲ್ಲಿ 45 ಮಂದಿಗೆ ಕಾಯಿಲೆ ಖಚಿತವಾಯಿತು. ಉಳಿದ 840ರಲ್ಲಿ 84 ಜನರನ್ನು ಮಾತಾಡಿಸಿದಾಗ ಇಬ್ಬರಲ್ಲಿ ಕಾಯಿಲೆ ಸಿಕ್ಕಿತು. ಅವರಿಬ್ಬರು 20 ಜನರ ಪ್ರತಿನಿಧಿಗಳು. ಒಟ್ಟು 65, ಅಂದರೆ ನೂರಕ್ಕೆ 6.5. ಆ ಗುಂಪನ್ನು ಬಿಟ್ಟಿದ್ದರೆ 4.5 ಅಂತ ಬರೆಯುತ್ತಿದ್ದಿರಿ.

ಪ್ರಶ್ನೆಗಳ ಭಾಷೆಗೆ ಬೇಕಾದಷ್ಟು ಸಮಯ ಕೊಡಿ. ಕನ್ನಡಕ್ಕೆ ತಂದಿದ್ದನ್ನು ಇನ್ನೊಬ್ಬರಿಂದ ಇಂಗ್ಲಿಷಿಗೆ ತಿರುಗಿಸಿ ಹೋಲಿಸಿ ನೋಡಿ, ನಂತರ ಹತ್ತಿಪ್ಪತ್ತು ಜನರ ಮುಂದೆ ಓದಿ. ವಾರ್ಡನ್ನು ನೋಡಿಕೊಂಡು ತಮಿಳು, ತೆಲುಗು, ಉರ್ದು, ಹಿಂದಿ ಪ್ರತಿಗಳೂ ಬೇಕು. ನಮ್ಮ ಜನ ಬೇಸರವನ್ನು ಎಷ್ಟೋ ಸಲ ಮೈ ಕೈ ನೋವು, ಸುಸ್ತು, ಎದೆ ಹೊಡೆದುಕೊಳ್ಳುವುದು, ನಿದ್ದೆ ಬಾರದಿರುವುದು ಅಂತಲೇ ಹೇಳುತ್ತಾರೆ. 1970ರ ದಶಕದಲ್ಲಿ ಉಡುಪಿ ಬಳಿಯ ಕೋಟದಲ್ಲಿ ಆರ್. ಎಲ್. ಕಪೂರ್ ಮತ್ತು ಜಿ. ಎಂ. ಕಾರ್ಸ್ಟೇರ್ಸ್ ಮನೆಮನೆ ಅಧ್ಯಯನ ಮಾಡಿದಾಗ, ವಿದೇಶಿ ಪ್ರಶ್ನಾವಳಿಯನ್ನು ನೇರವಾಗಿ ತರಲಿಲ್ಲ. ಇಲ್ಲಿನ ಜನ ಕಷ್ಟ ಹೇಳಿಕೊಳ್ಳುವ ರೀತಿಗೆ ಹೊಂದುವ ಸಂದರ್ಶನವನ್ನೇ ರೂಪಿಸಿಕೊಂಡರು. ಮೈಮೇಲೆ ಬರುವುದನ್ನೂ, ಜನ ಮಂತ್ರವಾದಿಗಳ ಹತ್ತಿರ ಹೋಗುವುದನ್ನೂ ಗಮನಿಸಿದರು. ನಿಮ್ಮ ಪ್ರಶ್ನೆಗಳಲ್ಲೂ "ಇದಕ್ಕೆ ಎಲ್ಲಿ ತೋರಿಸಿದಿರಿ?" ಎಂಬುದಕ್ಕೆ ಡಾಕ್ಟರ ಜೊತೆಗೆ ದೇವಸ್ಥಾನ, ದರ್ಗಾ, ಮೆಡಿಕಲ್ ಶಾಪ್ ಇರಲಿ.

ಹೆಜ್ಜೆ 6: ಬಾಗಿಲಲ್ಲಿ

ಮೊದಲ ಪ್ರಶ್ನೆ ಅವರಿಂದಲೇ ಬರುತ್ತದೆ: "ಯಾವ ಸರ್ವೆ? ರೇಷನ್ ಕಾರ್ಡಿಂದಾ?" ಉತ್ತರ ನೇರವಾಗಿರಲಿ. "ಅಲ್ಲಮ್ಮ, ಆರೋಗ್ಯದ ಬಗ್ಗೆ. ನಿದ್ದೆ, ಊಟ, ಮನಸ್ಸಿನ ನೆಮ್ಮದಿ ಹೇಗಿದೆ ಅಂತ ಕೇಳ್ತೀವಿ. ಇಷ್ಟ ಇಲ್ಲದಿದ್ರೆ ಬೇಡ ಅನ್ನಬಹುದು, ಮಧ್ಯದಲ್ಲೂ ನಿಲ್ಲಿಸಬಹುದು." ಸಾಲ, ಮನೆ, ಪಿಂಚಣಿ ಸಿಗಬಹುದೆಂಬ ಆಸೆ ಹುಟ್ಟಿಸಬೇಡಿ.

ಅತ್ತೆ ಪಕ್ಕದಲ್ಲಿ ಕೂತಿದ್ದರೆ ಸೊಸೆ "ಏನೂ ಇಲ್ಲ, ಚೆನ್ನಾಗಿದ್ದೀನಿ" ಅನ್ನುತ್ತಾಳೆ. ಗಂಡ ಇದ್ದರೂ ಅಷ್ಟೇ. ಟೆರೇಸು, ಮೆಟ್ಟಿಲು, ಅಂಗನವಾಡಿಯ ಖಾಲಿ ಕೋಣೆ, ಎಲ್ಲಾದರೂ ಸರಿ, ಒಬ್ಬರೇ ಇರುವ ಜಾಗ ಹುಡುಕಿ. ಇಬ್ಬರು ಹೋದರೆ ಒಳ್ಳೆಯದು. ಒಬ್ಬರು ಮನೆಯವರ ಜೊತೆ ಬೇರೆ ಮಾತಾಡುತ್ತಿರಬಹುದು. ಸಂದರ್ಶಕರು ಅದೇ ಬೀದಿಯವರಾಗಿರಬಾರದು. ಆಶಾ ಕಾರ್ಯಕರ್ತೆಯರು ದಾರಿ ತೋರಿಸಲಿ, ಪರಿಚಯ ಮಾಡಿಸಲಿ, ಪ್ರಶ್ನೆ ಕೇಳುವ ಹೊತ್ತಿಗೆ ಹೊರಗಿರಲಿ.

ಬೀಗ ಹಾಕಿದ ಮನೆಗೆ ಬದಲಾಗಿ ಪಕ್ಕದ ಮನೆ ಹಿಡಿಯುವುದು ಈ ಕೆಲಸದ ದೊಡ್ಡ ಪ್ರಲೋಭನೆ. ಪಕ್ಕದ ಮನೆಯಲ್ಲಿ ಹಗಲು ಜನ ಇದ್ದಾರೆ ಅಂದರೆ ಅವರ ಬದುಕೇ ಬೇರೆ. ಬೆಳಗ್ಗೆ ಆರಕ್ಕೆ ಹೊರಡುವ ಮನೆಗೆಲಸದಾಕೆ, ರಾತ್ರಿ ಪಾಳಿಯ ಕಾಲ್ ಸೆಂಟರ್ ಹುಡುಗ, ಒಂಬತ್ತರ ಮೇಲೆ ಮನೆ ಸೇರುವ ಐಟಿ ಉದ್ಯೋಗಿ, ಇವರೆಲ್ಲ ಬೀಗದ ಹಿಂದೆ ಇರುವವರು. ಕನಿಷ್ಠ ಮೂರು ಸಲ ಹೋಗಿ, ಅದರಲ್ಲಿ ಒಂದು ಸಂಜೆ, ಒಂದು ಭಾನುವಾರ. ದಸರಾ, ಗೌರಿ ಗಣೇಶ ಹಬ್ಬದ ವಾರಗಳನ್ನು ಬಿಡಿ, ಅರ್ಧ ವಾರ್ಡು ಊರಿಗೆ ಹೋಗಿರುತ್ತದೆ. ಅಪಾರ್ಟ್‌ಮೆಂಟಿಗೆ ಸಂಘದ ಕಾರ್ಯದರ್ಶಿಗೆ ಮೊದಲೇ ಪತ್ರ ಕೊಡಿ, ಗೇಟಿನಲ್ಲೇ ವಾಪಸ್ಸು ಕಳಿಸಿದರೆ ಆ ಬ್ಲಾಕು ಪೂರ್ತಿ ಹೋದಂತೆ. ಸಿಗದ, ಒಪ್ಪದ ಪ್ರತಿಯೊಬ್ಬರ ಅಂದಾಜು ವಯಸ್ಸು, ಗಂಡೋ ಹೆಣ್ಣೋ, ಕಾರಣ ಏನು ಅಂತ ಒಂದು ಸಾಲು ಬರೆದಿಡಿ.

ಹೆಜ್ಜೆ 7: ಸಾಯುವ ಯೋಚನೆ ಹೇಳಿಕೊಂಡರೆ

ಪಿಎಚ್‌ಕ್ಯೂ-9ರ ಕೊನೆಯ ಪ್ರಶ್ನೆ ಅದೇ. ಈ ವ್ಯವಸ್ಥೆ ಆಗುವವರೆಗೆ ಒಂದು ಮನೆಯ ಬಾಗಿಲೂ ತಟ್ಟಬೇಡಿ. ಯಾರಾದರೂ ಹೌದು ಅಂದರೆ ಸಂದರ್ಶಕರು ಫಾರ್ಮ್ ಬದಿಗಿಟ್ಟು ಕೇಳಿಸಿಕೊಳ್ಳಬೇಕು, ತಂಡದ ಮನೋವೈದ್ಯರಿಗೆ ಆಗಲೇ ಫೋನ್ ಮಾಡಬೇಕು, ಅಪಾಯ ಇದ್ದರೆ ಒಬ್ಬರನ್ನೇ ಬಿಟ್ಟು ಬರಬಾರದು. 14416 ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ. 2022ರಲ್ಲಿ ಶುರುವಾದ ಈ ಸೇವೆ ಉಚಿತ, ದಿನದ 24 ಗಂಟೆಯೂ ಇದೆ, ಕನ್ನಡದಲ್ಲೂ ಮಾತಾಡುತ್ತಾರೆ. ಈ ಸಂಖ್ಯೆ ಇರುವ ಚೀಟಿಯನ್ನು ಸಂದರ್ಶನ ಕೊಟ್ಟ ಎಲ್ಲರಿಗೂ ಕೊಡಿ. ಸಂಶಯ ಬಂದವರಿಗೆ ಮಾತ್ರ ಕೊಟ್ಟರೆ ಚೀಟಿ ನೋಡಿಯೇ ಮನೆಯವರಿಗೆ ಗೊತ್ತಾಗುತ್ತದೆ.

ಸಾಂಸ್ಥಿಕ ನೈತಿಕ ಸಮಿತಿಯ ಒಪ್ಪಿಗೆ ಇಲ್ಲದೆ ಮುಂದುವರಿಯುವಂತಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕಾಯಿಲೆಯ ಮಾಹಿತಿ ಗುಟ್ಟಾಗಿರುವುದು ಆ ವ್ಯಕ್ತಿಯ ಹಕ್ಕು ಎನ್ನುತ್ತದೆ. ಹೆಸರು, ವಿಳಾಸದ ಹಾಳೆ ಒಂದು ಕಡೆ, ಉತ್ತರಗಳು ಇನ್ನೊಂದು ಕಡೆ ಇರಲಿ.

ಹೆಜ್ಜೆ 8: ಲೆಕ್ಕ

ತೂಕದಿಂದ ಶುರು ಮಾಡಿ. ನಾಲ್ಕು ವಯಸ್ಕರ ಮನೆಯಿಂದ ಒಬ್ಬರನ್ನು ಆರಿಸಿದ್ದರೆ ಅವರ ಉತ್ತರಕ್ಕೆ 4 ತೂಕ, ಒಂಟಿಯಾಗಿ ಇರುವವರಿಗೆ 1. ಬ್ಲಾಕು ಬೆಳೆದಿದ್ದರೆ ಆ ಪಟ್ಟನ್ನೂ ಗುಣಿಸಿ. ಯುವ ಗಂಡಸರು ಕಡಿಮೆ ಸಿಕ್ಕಿದ್ದರೆ, ವಾರ್ಡಿನ ವಯಸ್ಸು ಮತ್ತು ಲಿಂಗದ ಹಂಚಿಕೆಗೆ ಸರಿಹೊಂದಿಸಿ.

ಎರಡನೆಯ ಹಂತ ಮಾಡಲು ಆಗಲೇ ಇಲ್ಲವೇ? ಆಗ ರೋಗನ್ ಮತ್ತು ಗ್ಲೇಡನ್ 1978ರಲ್ಲಿ ಕೊಟ್ಟ ತಿದ್ದುಪಡಿ ಸೂತ್ರ ಬಳಸಬಹುದು. ಸಂಶಯ ಬಂದ ಪ್ರಮಾಣಕ್ಕೆ, ಇಲ್ಲದವರನ್ನು ಸರಿಯಾಗಿ ಬಿಡುವ ಪ್ರಮಾಣ ಕೂಡಿಸಿ, 1 ಕಳೆಯಿರಿ. ಅದನ್ನು, ಎರಡು ನಿಖರತೆಗಳ (ಕಾಯಿಲೆ ಇದ್ದವರನ್ನು ಹಿಡಿಯುವ ಮತ್ತು ಇಲ್ಲದವರನ್ನು ಬಿಡುವ ಪ್ರಮಾಣಗಳ) ಮೊತ್ತದಲ್ಲಿ 1 ಕಳೆದು ಬಂದದ್ದರಿಂದ ಭಾಗಿಸಿ. ನೂರಕ್ಕೆ 18 ಮಂದಿಗೆ ಸಂಶಯ ಬಂದಿದ್ದರೆ: 0.18 + 0.88 − 1 = 0.06. ಅದನ್ನು 0.76ರಿಂದ ಭಾಗಿಸಿದರೆ 0.079. ಹದಿನೆಂಟು ಇದ್ದದ್ದು ಎಂಟರ ಹತ್ತಿರ ಬಂತು. ಆದರೆ ಆ 88 ಎಂಬುದು ಅಮೆರಿಕದ ಕ್ಲಿನಿಕ್ಕುಗಳ ಸಂಖ್ಯೆ. ನಮ್ಮ ಭಾಷೆಯಲ್ಲಿ, ಮನೆ ಬಾಗಿಲಲ್ಲಿ ಅದು ಅಷ್ಟೇ ಇರಬೇಕಿಲ್ಲ. ಅದಕ್ಕೇ ನನಗೆ ಎರಡು ಹಂತದ ದಾರಿಯೇ ಸರಿ ಅನ್ನಿಸುತ್ತದೆ.

ಕೊನೆಗೆ ಅಂದಾಜಿನ ಅಗಲ. 1,107 ಜನರಲ್ಲಿ ನೂರಕ್ಕೆ 9 ಬಂತು ಅನ್ನಿ. ಬೀದಿಗಳ ಹೋಲಿಕೆಯನ್ನು ಲೆಕ್ಕಕ್ಕೆ ತಂದರೆ ನಿಜವಾದ ಪ್ರಮಾಣ 6.6ರಿಂದ 11.4ರ ನಡುವೆ ಇರಬಹುದು. ವಾರ್ಡಿನಲ್ಲಿ 28,000 ವಯಸ್ಕರಿದ್ದರೆ ಅದು 1,850ರಿಂದ 3,190 ಜನ. ಬರೀ "2,520 ಜನ" ಅಂತ ಬರೆದರೆ ನಿಮಗೆ ಇಲ್ಲದ ಖಚಿತತೆಯನ್ನು ತೋರಿಸಿದಂತೆ.

ಹೆಜ್ಜೆ 9: ವರದಿ

ಹಳೆಯ ಸಂಖ್ಯೆಯ ಜೊತೆ ಹೋಲಿಸುವ ಆಸೆ ಬರುತ್ತದೆ. 1998ರಲ್ಲಿ ಎಂ. ವಿ. ರೆಡ್ಡಿ ಮತ್ತು ಸಿ. ಆರ್. ಚಂದ್ರಶೇಖರ್ ಭಾರತದ 13 ಅಧ್ಯಯನಗಳ 33,572 ಜನರ ಮಾಹಿತಿ ಕೂಡಿಸಿದಾಗ ಸಾವಿರಕ್ಕೆ 58.2 ಬಂತು. ಎರಡು ವರ್ಷದ ನಂತರ ಗಂಗೂಲಿಯವರ ಲೆಕ್ಕದಲ್ಲಿ ಸಾವಿರಕ್ಕೆ 73. 2016ರಲ್ಲಿ ನಿಮ್ಹಾನ್ಸ್‌ನ ನೂರಕ್ಕೆ 10.6, ಅಂದರೆ ಸಾವಿರಕ್ಕೆ 106. ಇದನ್ನು ನೋಡಿ "ಮಾನಸಿಕ ಕಾಯಿಲೆ ದುಪ್ಪಟ್ಟಾಗಿದೆ" ಎಂದು ಬರೆಯಲಾಗದು. ಪ್ರಶ್ನಾವಳಿ ಬೇರೆ, ಕಾಯಿಲೆಗಳ ಪಟ್ಟಿ ಬೇರೆ, ವಯಸ್ಸಿನ ಮಿತಿ ಬೇರೆ. ಅದೇ ವಾರ್ಡಿನಲ್ಲಿ ಅದೇ ವಿಧಾನದಿಂದ ಮತ್ತೆ ಕೇಳಿದಾಗ ಮಾತ್ರ ಏರಿತೋ ಇಳಿಯಿತೋ ಹೇಳಬಹುದು. ಹಾಗಾಗಿ ನಿಮ್ಮ ಪ್ರಶ್ನಾವಳಿ, ನಕ್ಷೆ, ತೂಕದ ಲೆಕ್ಕ ಎಲ್ಲವನ್ನೂ ಮುಂದಿನ ತಂಡಕ್ಕೆ ಸಿಗುವಂತೆ ಇಡಿ.

ವರದಿಯ ಮುಖ್ಯ ವಾಕ್ಯ ಹೀಗಿರಲಿ: "ಈ ವಾರ್ಡಿನ ಮನೆ, ಪಿಜಿ ಮತ್ತು ಶೆಡ್ಡುಗಳಲ್ಲಿ ಇರುವ 18 ದಾಟಿದವರಲ್ಲಿ, ಸಂದರ್ಶನದ ಹೊತ್ತಿಗೆ ಖಿನ್ನತೆ, ಆತಂಕ ಅಥವಾ ಕುಡಿತದ ಚಟ ಇದ್ದವರು ನೂರಕ್ಕೆ ಸುಮಾರು 9, ಅಂದಾಜಿನ ವ್ಯಾಪ್ತಿ 6.6ರಿಂದ 11.4. ಆಯ್ಕೆಯಾದ 1,400 ಜನರಲ್ಲಿ 1,107 ಮಂದಿ ಉತ್ತರ ಕೊಟ್ಟರು. ಬೀದಿಯಲ್ಲಿ ಇರುವವರು ಸೇರಿಲ್ಲ." ಇದರ ಕೆಳಗೆ, ಕಾಯಿಲೆ ಇದ್ದವರಲ್ಲಿ ಎಷ್ಟು ಜನ ಯಾವ ಚಿಕಿತ್ಸೆಗೂ ಹೋಗಿಲ್ಲ ಎಂಬ ಸಂಖ್ಯೆ. ಬೀದಿವಾರು ಅಥವಾ ಜಾತಿವಾರು ಕೋಷ್ಟಕ ಪ್ರಕಟಿಸಬೇಡಿ. ಒಂದು ಬೀದಿಗೆ ಹೆಸರು ಕೆಟ್ಟರೆ ಮುಂದಿನ ಸಲ ಅಲ್ಲಿ ಯಾರೂ ಬಾಗಿಲು ತೆಗೆಯುವುದಿಲ್ಲ.

ವರದಿಯ ಒಂದು ಪ್ರತಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಅಧಿಕಾರಿಗೆ, ಒಂದು ಹತ್ತಿರದ ನಗರ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಲಿ. ವಾರ್ಡಿನ ಜನರಿಗೆ ಎರಡು ಪುಟದ ಕನ್ನಡ ಸಾರಾಂಶ ಕೊಡಿ. ಅದರ ಹಿಂಬದಿಯಲ್ಲಿ ಹತ್ತಿರ ಎಲ್ಲಿ, ಯಾವ ದಿನ, ಎಷ್ಟು ಗಂಟೆಗೆ ಮನೋವೈದ್ಯರು ಸಿಗುತ್ತಾರೆ ಎಂದು ಫೋನ್ ಮಾಡಿ ಖಚಿತ ಮಾಡಿಕೊಂಡು ಬರೆಯಿರಿ.